ದಟ್ಟಿ ಧರ್ಮದ್ದಾದರೂ ಮೊಳ ಹಾಕಿ!



ಮೌಂಟ್ ಕೆನ್ಯಾ ಪ್ರವಾಸಕ್ಕೆಂದು ಸಂಘದ ನಿಧಿಯಿಂದ 20 ಜೊತೆ ಬೂಟು, 20 ಜಾಕೆಟ್ಟು, 20 ಬೆನ್ನುಚೀಲಗಳನ್ನು ಒಟ್ಟಿಗೆ ಕೊಂಡು ಬೀರುವಿನಲ್ಲಿ ಇಟ್ಟುಬಿಟ್ಟರೆ ವರ್ಷ ವರ್ಷವೂ ಉಪಯೋಗಕ್ಕೆ ಬರುತ್ತದೆ ಎಂಬ ಸಲಹೆ ಕಳೆದ ಸಭೆಯಲ್ಲಿ ಬಂತು. ಸಗಟಿನಲ್ಲಿ ಕೊಂಡರೆ ಅಗ್ಗ, ಯಾರಿಗೂ ಹೊರೆಯಾಗದು ಎಂದರು. ಚಪ್ಪಾಳೆಯೂ ಬಿತ್ತು. ಒಂದಿಬ್ಬರು ಅಳತೆಯ ಮಾತೆತ್ತಿದಾಗ ಹಿರಿಯರೊಬ್ಬರು ನಗುತ್ತಾ, "ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ" ಎಂಬ ಗಾದೆ ಹೇಳಿ ಬಾಯಿ ಮುಚ್ಚಿಸಿದರು. ಸಭೆಯಲ್ಲಿ ನಕ್ಕು ಸುಮ್ಮನಾದವರ ಪರವಾಗಿ ಈ ಲೇಖನ. ಸೀರೆಗೆ, ಪಂಚೆಗೆ ಆ ಗಾದೆ ಸರಿ. ಬೆಟ್ಟದ ಬೂಟಿಗೆ ಮಾತ್ರ ಅದು ಸಲ್ಲದು. ಹಿತ್ತಲಿಗೇಕೆ, ಸಭೆಯ ನಡುವೆಯೇ ಮೊಳ ಹಾಕಬೇಕು ಎಂಬುದು ನನ್ನ ವಾದ.

ಮೊದಲು ಬೆಟ್ಟದ ವಿಷಯ. ನಾವಿರುವ ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಸಾಮಾನ್ಯರು ನಡೆದೇ ಮುಟ್ಟಬಹುದಾದ ಪಾಯಿಂಟ್ ಲೆನಾನಾ 4,985 ಮೀಟರ್. (ಅದಕ್ಕೂ ಮೇಲಿರುವ ಬಾಟಿಯನ್, ನೆಲಿಯನ್ ಶಿಖರಗಳು ಹಗ್ಗ ಕಟ್ಟಿ ಬಂಡೆ ಹತ್ತುವವರ ಪಾಲಿನವು, ನಮ್ಮವಲ್ಲ.) ಸಾವಿರ ಮೀಟರ್ ಏರಿದಂತೆ ಸುಮಾರು ಆರು ಡಿಗ್ರಿ ಶಾಖ ಇಳಿಯುತ್ತದೆ. ಅಂದರೆ ನಮ್ಮ ಮನೆಯಂಗಳಕ್ಕಿಂತ ಅಲ್ಲಿ ಇಪ್ಪತ್ತು ಡಿಗ್ರಿ ಕಡಿಮೆ. ಜುಲೈ ತಿಂಗಳ ನೈರೋಬಿಯ ಬೆಳಗಿಗೇ ಸ್ವೆಟರ್ ಹುಡುಕುವವರು ನಾವು! ಸಿರಿಮೋನ್ ದಾರಿಯಲ್ಲಿ ಹೋದರೆ ಕೊನೆಯ ರಾತ್ರಿ 4,200 ಮೀಟರಿನ ಶಿಪ್ಟನ್ಸ್ ಕ್ಯಾಂಪಿನಲ್ಲಿ ತಂಗಿ, ನಡುರಾತ್ರಿ ಕಳೆದು ಎರಡು ಮೂರು ಗಂಟೆಗೆ ಎದ್ದು, ಕಾಲಿಟ್ಟರೆ ಜಾರುವ ಕಲ್ಲುಪುಡಿಯ ಮೇಲೆ ಸುಮಾರು 785 ಮೀಟರ್ ಏರಬೇಕು. ಆಮೇಲೆ ಗೇಟಿನವರೆಗೆ ಎರಡು ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು. ಹತ್ತುವುದಕ್ಕೆ ಉಸಿರು ಬೇಕು, ನಿಜ. ಆದರೆ ಬೂಟಿನ ಗುಟ್ಟು ರಟ್ಟಾಗುವುದು ಇಳಿಯುವಾಗ.

ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರುತ್ತದೆ. ಮುಂದೆ ಜಾಗವಿಲ್ಲದಿದ್ದರೆ ಹೆಬ್ಬೆರಳು ಸಾವಿರಾರು ಸಲ ಗೋಡೆಗೆ ಗುದ್ದಿದಂತೆ ಗುದ್ದುತ್ತದೆ. ಉಗುರು ಕಪ್ಪಾಗಿ, ಊರಿಗೆ ಬಂದ ಮೇಲೆ ಬಿದ್ದುಹೋಗುತ್ತದೆ. ಬೂಟು ದೊಡ್ಡದಾದರೋ, ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡಿ ಮೊದಲ ದಿನವೇ ಬೊಕ್ಕೆ. ಹಿಂದೊಮ್ಮೆ ನಾವು ಕೆಲವರು ಹೋದಾಗ ಬಾಡಿಗೆಗೆ ಸಾಮಾನು ಕೊಟ್ಟವರು ಗಂಡಸರ ಬೂಟುಗಳನ್ನೇ ಹೆಂಗಸರಿಗೂ ಹಂಚಿ, "ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ, ಸರಿಹೋಗುತ್ತದೆ" ಎಂದರು. ಸರಿಹೋಗಲಿಲ್ಲ. ಹೆಂಗಸರ ಹಿಮ್ಮಡಿ ಸಾಮಾನ್ಯವಾಗಿ ಕಿರಿದು. ಅದು ಬಟ್ಟೆ ತುರುಕಿ ಸರಿಮಾಡುವ ವಿಷಯವಲ್ಲ. ಉಸಿರಿನ ತೊಂದರೆ ಎಳ್ಳಷ್ಟೂ ಇಲ್ಲದಿದ್ದ ಇಬ್ಬರು ಗಟ್ಟಿ ಹೆಂಗಸರು ಬರೀ ಕಾಲಿನ ಕಾರಣದಿಂದ ಶಿಪ್ಟನ್ಸ್‌ನಲ್ಲೇ ಉಳಿದರು. ಮರುದಿನ ಗಂಡಸರು ಕೆಳಗೆ ಬಂದು, "ಪಾಪ, ಹೆಂಗಸರಿಗೆ ಕಷ್ಟ" ಎಂದು ತೀರ್ಪು ಕೊಟ್ಟರಲ್ಲ, ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ. ಬಿಗಿಯಾದ ಬೂಟಿಗೆ ಎರಡನೆಯ ಕಾಲುಚೀಲ ಹಾಕಿದರೆ ಕಾಲು ಬೆಚ್ಚಗಿರುತ್ತದೆ ಎಂದು ನಂಬಿರುವವರು ನಮ್ಮಲ್ಲಿ ಬಹಳ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ನಿಂತ ಗಾಳಿ ಮತ್ತು ಬೆರಳಿಗೆ ಹರಿದು ಬರುವ ರಕ್ತ. ಬಿಗಿದರೆ ಗಾಳಿಯೂ ಹೋಯಿತು, ರಕ್ತದ ಓಟವೂ ಕುಂದಿತು. ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ ದಪ್ಪ ಉಣ್ಣೆಯ ಕಾಲುಚೀಲ, ಅದಕ್ಕೆ ಜಾಗ ಕೊಡುವ ಬೂಟು, ಅಷ್ಟು ಸಾಕು.

ನಂಬರನ್ನು ನಂಬಬೇಡಿ. ಒಂದು ಕಂಪನಿಯ 8 ಇನ್ನೊಂದರ ಏಳೂವರೆ. ಊರಿನಲ್ಲಿ ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲನೇಕರ ಪಾದ ಬೆರಳಿನ ಕಡೆ ಅಗಲ. ಯುರೋಪಿನ ಎಷ್ಟೋ ಬೂಟುಗಳ ಅಚ್ಚು ಅಲ್ಲೇ ಕಿರಿದು. ಉದ್ದ ಸರಿಯಿದ್ದರೂ ಕಿರುಬೆರಳು ಅಳುತ್ತದೆ. ಹಾಗೆಂದು ಒಂದು ನಂಬರ್ ದೊಡ್ಡದು ಕೊಂಡರೆ ಹಿಮ್ಮಡಿ ಆಡುತ್ತದೆ. ಅಗಲವಿರುವ ಅಚ್ಚಿನದನ್ನೇ ಹುಡುಕಬೇಕು. ಬೂಟು ನೋಡಲು ಸಂಜೆಯ ಹೊತ್ತು ಹೋಗಿ, ದಿನವೆಲ್ಲ ಓಡಾಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ. ಬೆಟ್ಟದ ಮೇಲೂ ಊದುತ್ತದೆ. ಹಾಕಿಕೊಳ್ಳಲಿರುವ ಕಾಲುಚೀಲವನ್ನೇ ಒಯ್ಯಿರಿ. ದಾರ ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಆಮೇಲೆ ದಾರ ಬಿಗಿದು ಅಂಗಡಿಯ ಮೆಟ್ಟಿಲನ್ನೋ ಇಳಿಜಾರನ್ನೋ ಇಳಿಯಿರಿ. ಬೆರಳು ಮುಂದೆ ತಗುಲಿದರೆ, ಅಂಗಡಿಯವನು ಎಷ್ಟೇ ಹೊಗಳಲಿ, ಬಿಚ್ಚಿ ಕೊಟ್ಟುಬಿಡಿ. "ಹಾಕ್ತಾ ಹಾಕ್ತಾ ಬಿಡ್ತದೆ" ಎಂಬ ಮಾತು ಅಗಲಕ್ಕೆ ಅಲ್ಪಸ್ವಲ್ಪ ನಿಜ. ಉದ್ದಕ್ಕೆ ಖಂಡಿತ ಸುಳ್ಳು.

ಇಷ್ಟೆಲ್ಲ ಇರುವಾಗ 20 ಜೊತೆ ಬೂಟನ್ನು ಸಗಟಿನಲ್ಲಿ ತಂದು ಯಾರ ಕಾಲಿಗೆ ಹಾಕುತ್ತೀರಿ? ಬೆಂಗಳೂರಿನಲ್ಲಿರುವ ಭಾವಮೈದುನನಿಗೆ ಫೋನ್ ಮಾಡಿ ನಂಬರ್ ಹೇಳಿ ತರಿಸುವುದಕ್ಕೂ ಇದೇ ಆಕ್ಷೇಪಣೆ. ಬೂಟು ತೊಡುವ ಕಾಲು ಅಂಗಡಿಗೆ ಹೋಗಬೇಕು.

ಬೀರುವಿನ ಬೂಟಿನ ಮೇಲೆ ನನ್ನ ಇನ್ನೂ ದೊಡ್ಡ ದೂರು ಬೇರೆಯದು. ಈಗಿನ ಬಹುಪಾಲು ಬೂಟುಗಳ ಅಟ್ಟೆಯಲ್ಲಿ ಪಾದಕ್ಕೂ ಕೆಳಗಿನ ರಬ್ಬರಿಗೂ ನಡುವೆ ಮೆತ್ತಗಿನ ಪಾಲಿಯುರೆಥೇನ್ ಪದರ ಇರುತ್ತದೆ. ಗಾಳಿಯ ತೇವ ಅದನ್ನು ವರ್ಷಗಳ ಮೇಲೆ ಒಳಗಿಂದೊಳಗೇ ಕೆಡಿಸುತ್ತದೆ. ತಮಾಷೆಯೆಂದರೆ, ಹಾಕಿಕೊಂಡು ಓಡಾಡುವ ಬೂಟಿಗಿಂತ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತ ಬೂಟಿನಲ್ಲಿ ಈ ರೋಗ ಹೆಚ್ಚು. ಹೊರಗಿಂದ ಹೊಚ್ಚಹೊಸದು, ಬೆಟ್ಟದ ಮೇಲೆ ಎರಡನೇ ದಿನ ಅಟ್ಟೆಯೇ ಕಳಚಿ ಬಾಯಿ ತೆರೆಯುತ್ತದೆ. ಫುಂಡಿಯ ಹತ್ತಿರ ಒಯ್ದು ಅಂಟು ಹಾಕಿಸಿದರೂ ನಿಲ್ಲದು, ಪುಡಿಗೆ ಅಂಟು ಹಿಡಿಯುವುದುಂಟೇ? ವರ್ಷಕ್ಕೆ ನಾಲ್ಕು ದಿನ ಹೊರಬರುವ ಸಂಘದ ಬೂಟುಗಳ ಗತಿ ಹತ್ತು ವರ್ಷದೊಳಗೆ ಇದೇ. ಸದಸ್ಯರ ಹಣ ಬೀರುವಿನಲ್ಲೇ ಪುಡಿಯಾಗುತ್ತದೆ.

ಜಾಕೆಟ್ಟಿನ ಮಾತಿಗೆ ಬರೋಣ. ಇಲ್ಲಿ ನಮ್ಮವರ ಕಣ್ಣು ಎದೆಯ ಮೇಲಿನ ಕಂಪನಿಯ ಗುರುತಿನ ಮೇಲೆ, ಒಳಗೆ ಮಾತ್ರ ಕಾಟನ್ ಬನಿಯನ್, ಕೆಳಗೆ ಜೀನ್ಸ್! ಹತ್ತಿ ಬೆವರನ್ನೂ ಮಳೆಯನ್ನೂ ಕುಡಿದು ಮೈಗೆ ಅಂಟುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಮೇಲೆ ಎಷ್ಟು ದುಬಾರಿ ಗೋರ್‌ಟೆಕ್ಸ್ ಹೊದ್ದರೂ ಒಳಗೆ ಒದ್ದೆ ಬನಿಯನ್ ಇದ್ದರೆ ನಡುಕವೇ. ನಮ್ಮ ಮಲೆನಾಡಿನವರಿಗೆ ಇದನ್ನು ಯಾವ ಕಂಪನಿಯೂ ಹೇಳಿಕೊಡಲಿಲ್ಲ. ಮುಂಗಾರಿನಲ್ಲಿ ಗದ್ದೆಗೆ ಇಳಿಯುವವರು ಕಂಬಳಿಕೊಪ್ಪೆ ಹಾಕಿಕೊಂಡರು, ಏಕೆಂದರೆ ಕುರಿಯ ಉಣ್ಣೆ ನೆನೆದರೂ ಒಂದಷ್ಟು ಬಿಸಿ ಉಳಿಸುತ್ತದೆ. ಆ ಜನರ ಮೊಮ್ಮಕ್ಕಳು ನಾವು ಜೀನ್ಸ್ ತೊಟ್ಟು ಹೊರಡುತ್ತೇವೆ. ಮೈಗೆ ತಾಗುವಂತೆ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್ ಇಲ್ಲವೇ ಅಜ್ಜಿ ಹೆಣೆದ ಸ್ವೆಟರ್, ಎಲ್ಲಕ್ಕೂ ಮೇಲೆ ಮಳೆ ಗಾಳಿ ತಡೆಯುವ ಜಾಕೆಟ್ಟು. ಹೊರಗಿನದು ಒಳಗಿನ ಎಲ್ಲವನ್ನೂ ಹಾಕಿಕೊಂಡ ಮೇಲೆ ಕೂರಬೇಕು. ಅಂಗಡಿಯಲ್ಲಿ ಷರ್ಟಿನ ಮೇಲೆ ಹಾಕಿ ಕನ್ನಡಿ ನೋಡಿಕೊಂಡರೆ ಏನೂ ತಿಳಿಯದು. ಎರಡೂ ಕೈ ಮೇಲೆತ್ತಿ, ಸೊಂಟ ಬಯಲಾಗುತ್ತದೆಯೇ ನೋಡಿ. ಇನ್ನು ಮಂಕಿ ಕ್ಯಾಪ್. ಮಕ್ಕಳು ನಗುತ್ತಾರೆ, ನಗಲಿ. ಅಷ್ಟು ಸಮರ್ಪಕವಾಗಿ ಕಿವಿ, ಕತ್ತು, ಗಲ್ಲ ಮುಚ್ಚುವ ವಸ್ತು ಯಾವ ವಿದೇಶಿ ಅಂಗಡಿಯಲ್ಲೂ ನನಗೆ ಕಂಡಿಲ್ಲ.

ಹಣವಿಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ನಾಲ್ಕು ದಿನದ ಬೆಟ್ಟಕ್ಕೆ ಹೊಸ ಬೂಟು ಕೊಳ್ಳುವುದೆಂದರೆ ಮೂಗಿಗಿಂತ ಮೂಗುತಿ ಭಾರ. ನೈರೋಬಿಯಲ್ಲಿರುವವರಿಗೆ ಇದಕ್ಕೆ ಉತ್ತರ ಊರಲ್ಲೇ ಇದೆ: ಗಿಕೊಂಬಾದ ಮಿತುಂಬಾ. "ಹಾಕಿ ಬಿಟ್ಟ ಬಟ್ಟೆಯೇ?" ಎಂದು ಮೂಗು ಮುರಿಯುವವರು ಬಾಡಿಗೆಯ ಬೂಟನ್ನು ಎಷ್ಟು ಮಂದಿ ಹಾಕಿರುತ್ತಾರೆ ಎಂದು ಒಮ್ಮೆ ಯೋಚಿಸಲಿ. ಫ್ಲೀಸ್, ಉಣ್ಣೆ ಬಟ್ಟೆ, ಜಾಕೆಟ್ಟುಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಳೆ ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆಯ ಮೇಲಿನ ಪಟ್ಟಿ ಏಳುತ್ತಿದ್ದರೆ, ಒಳಲೇಪ ಹೊಟ್ಟಿನಂತೆ ಉದುರುತ್ತಿದ್ದರೆ ಬೇಡ. ಬೂಟಿನ ಅಟ್ಟೆಯ ಮೆತ್ತನೆಯ ಭಾಗವನ್ನು ಹೆಬ್ಬೆರಳ ಉಗುರಿನಿಂದ ಒತ್ತಿ. ಬಿರುಕು ಬಿಟ್ಟರೆ, ಪುಡಿ ಬಂದರೆ ಅಲ್ಲೇ ಇಟ್ಟು ಮುಂದೆ ನಡೆಯಿರಿ. ಒಂದು ಎಚ್ಚರಿಕೆ: ಹೆಲ್ಸ್ ಗೇಟಿನ ಫಿಷರ್ಸ್ ಟವರ್ ಹತ್ತಲು ಹೋಗುವ ನಮ್ಮ ಹುಡುಗರು ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ಮಿತುಂಬಾದಲ್ಲಿ ಕೊಳ್ಳಬಾರದು. ನೈಲಾನ್ ಬಿಸಿಲಿಗೆ ಸೋತಿದ್ದರೆ, ಒಮ್ಮೆ ಜೋರಾಗಿ ಜಗ್ಗಿದ್ದರೆ ಕಣ್ಣಿಗೆ ಕಾಣಿಸುವುದಿಲ್ಲ.

ಸಭೆಯಲ್ಲಿ ಮತ್ತೊಂದು ವಾದವೂ ಬಂತು. 1943ರ ಜನವರಿಯಲ್ಲಿ ನನ್ಯೂಕಿಯ ಯುದ್ಧಕೈದಿಗಳ ಶಿಬಿರದಿಂದ ಫೆಲಿಚೆ ಬೆನುಝಿ ಮತ್ತು ಇಬ್ಬರು ಸಂಗಡಿಗರು ತಪ್ಪಿಸಿಕೊಂಡು, ಗುಜರಿ ಕಬ್ಬಿಣದ ಮುಳ್ಳುಗಳನ್ನೂ ಸುತ್ತಿಗೆಯಿಂದ ಮಾಡಿದ ಹಿಮಗೊಡಲಿಯನ್ನೂ ಹಿಡಿದು ಮೌಂಟ್ ಕೆನ್ಯಾ ಹತ್ತಿ, ಮತ್ತೆ ತಾವೇ ಶಿಬಿರಕ್ಕೆ ಮರಳಿದರಲ್ಲ, ಅವರಿಗೆ ಯಾವ ಅಳತೆಯ ಬೂಟು ಇತ್ತು ಎಂದು. ಸ್ವಾಮಿ, ಆ ಕತೆ ನನ್ನ ಪರವಾಗಿದೆ! ಅವರು ತಿಂಗಳುಗಟ್ಟಲೆ ಒಂದೊಂದು ವಸ್ತುವನ್ನೂ ತಮ್ಮ ಮೈಗೆ, ತಮ್ಮ ಕೆಲಸಕ್ಕೆ ತಕ್ಕಂತೆ ಕೈಯಾರೆ ಮಾಡಿಕೊಂಡರು. ಬೀರು ತೆರೆದು ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಲಿಲ್ಲ. ಅಷ್ಟಾಗಿಯೂ ಬಾಟಿಯನ್ ಅವರಿಗೆ ದಕ್ಕಲಿಲ್ಲ, ಅವರಲ್ಲಿ ಇಬ್ಬರು ಲೆನಾನಾ ಮುಟ್ಟಿ ಹಿಂತಿರುಗಿದರು. ಅಂದಹಾಗೆ, ಕಬ್ಬಿಣದ ಮುಳ್ಳುಗಳನ್ನೂ ಸಂಘ ಕೊಳ್ಳಲಿ ಎಂದವರಿಗೆ: 1899ರಲ್ಲಿ ಮ್ಯಾಕಿಂಡರ್ ತಂಡ ದಾಟಿದ ಲೂಯಿಸ್ ಹಿಮನದಿ ಈಗ ಸವೆದು ಚೂರಾಗಿದೆ. ಒಣಗಾಲದಲ್ಲಿ ಲೆನಾನಾ ದಾರಿ ಬಹುಮಟ್ಟಿಗೆ ಕಲ್ಲು. ಹೊಸ ಹಿಮ ಬಿದ್ದಿದ್ದರೆ ಏನು ಬೇಕೆಂದು ಗೈಡ್ ಹೇಳುತ್ತಾನೆ.

ಹಾಗಾದರೆ ಸಂಘ ಏನನ್ನೂ ಕೊಳ್ಳಬಾರದೇ? ಕೊಳ್ಳಲಿ, ಅಳತೆಯ ಗೋಜು ಕಡಿಮೆ ಇರುವುದನ್ನು ಕೊಳ್ಳಲಿ. ತಲೆಗೆ ಕಟ್ಟುವ ಟಾರ್ಚು, ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಊರುಗೋಲು, ನೆಲಕ್ಕೆ ಹಾಸುವ ಫೋಮ್ ಚಾಪೆ, ಸ್ಲೀಪಿಂಗ್ ಬ್ಯಾಗು. ಚಾಪೆಯನ್ನು ಬಿಡಬೇಡಿ, ಮೈಭಾರಕ್ಕೆ ಅಡಿಯ ಹತ್ತಿಯೋ ಗರಿಯೋ ಚಪ್ಪಟೆಯಾಗಿ ನೆಲದ ಥಂಡಿ ನೇರ ಬೆನ್ನಿಗೆ ಬರುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಮೂರು ಉಷ್ಣಾಂಶ ಬರೆದಿರುತ್ತಾರೆ. ದೊಡ್ಡಕ್ಷರದಲ್ಲಿರುವುದು ಎಷ್ಟೋ ಸಲ ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯುವ ಮಿತಿ. 'ಕಂಫರ್ಟ್' ಎಂದಿರುವ ಸಂಖ್ಯೆಯನ್ನೇ ನೋಡಿ ಆರಿಸಿ. ಬೆನ್ನುಚೀಲ ಮಾತ್ರ ಪಟ್ಟಿಯಿಂದ ತೆಗೆಯಿರಿ. ಅದರ ಭಾರ ಹೆಗಲಿನ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಐದಡಿಯವರಿಗೂ ಆರಡಿಯವರಿಗೂ ಒಂದೇ ಚೀಲ ಕೊಟ್ಟರೆ ಒಬ್ಬರ ಸೊಂಟಪಟ್ಟಿ ಹೊಟ್ಟೆಯ ಮೇಲೆ, ಇನ್ನೊಬ್ಬರದು ತೊಡೆಯ ಮೇಲೆ.

ಉಳಿದ ಹಣಕ್ಕೆ ನನ್ನ ಸಲಹೆ ಕೆಲವರಿಗೆ ರುಚಿಸಲಿಕ್ಕಿಲ್ಲ. ನಮ್ಮ ಸಾಮಾನು ಹೊರುವ ಪೋರ್ಟರುಗಳ ಕಾಲು ನೋಡಿದ್ದೀರಾ? ಸವೆದ ಕ್ಯಾನ್ವಾಸ್ ಶೂ, ಮಳೆಗೆ ಒಂದು ಪ್ಲಾಸ್ಟಿಕ್ ಹಾಳೆ. ನಾವು ಗೋರ್‌ಟೆಕ್ಸ್ ಚರ್ಚೆ ಮಾಡುತ್ತಾ ಅವರ ಹಿಂದೆ ನಡೆಯುತ್ತೇವೆ. ಕಿಲಿಮಂಜಾರೋ ಕಡೆ ಪೋರ್ಟರು ಹೊರುವ ಭಾರಕ್ಕೆ 20 ಕಿಲೋ ಮಿತಿಯಿದೆ, ಅವರಿಗೆ ಬೆಚ್ಚನೆಯ ಬಟ್ಟೆ ಎರವಲು ಕೊಡುವ ಸಂಸ್ಥೆಯೊಂದು 2003ರಿಂದ ಕೆಲಸ ಮಾಡುತ್ತಿದೆ. ಗೈಡನ್ನು ಗೊತ್ತುಮಾಡುವಾಗಲೇ ಸಮಿತಿಯವರು ಪೋರ್ಟರುಗಳ ಬೂಟು, ಜಾಕೆಟ್ಟು, ಮಲಗುವ ವ್ಯವಸ್ಥೆ ಏನೆಂದು ಕೇಳಿ ಬರೆಸಿಕೊಳ್ಳಲಿ. ಇಲ್ಲವೆಂದರೆ ನಮ್ಮ ಖರ್ಚಿನಲ್ಲಿ ಆಗಲಿ. ಅವರ ಕಾಲಿಗೂ ಅಳತೆ ಉಂಟು.

ಕೊನೆಯದಾಗಿ ಒಂದು ವಿನಂತಿ. ಬೆಟ್ಟಕ್ಕೆ ಒಂದು ತಿಂಗಳು ಮುಂಚೆ ಎಲ್ಲರೂ ತಂತಮ್ಮ ಪೂರ್ತಿ ವೇಷದಲ್ಲಿ, ತುಂಬಿದ ಚೀಲ ಹೊತ್ತು ಲಾಂಗೊನಾಟ್ ಹತ್ತಿ ಇಳಿಯೋಣ. 2,776 ಮೀಟರಿನ ಆ ಬೆಟ್ಟದ ಬೂದಿಮಣ್ಣಿನ ಇಳಿಜಾರು ಯಾವ ಬೂಟು ಯಾರಿಗೆ ಆಗದು ಎಂಬುದನ್ನು ಒಂದೇ ದಿನದಲ್ಲಿ ಹೇಳಿಬಿಡುತ್ತದೆ. ಅಲ್ಲಿ ಬೊಕ್ಕೆ ಬಂದರೆ ಸಂಜೆ ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಡಬಹುದು, ಬೂಟು ಬದಲಾಯಿಸಲು ಸಮಯವೂ ಇರುತ್ತದೆ. ಯಾರ ಮನೆಯಲ್ಲಿ ಯಾವ ಅಳತೆಯ ಬೂಟು ಖಾಲಿ ಕೂತಿದೆ ಎಂಬ ಪಟ್ಟಿಯನ್ನು ಮುಂದಿನ ಸಭೆಯಲ್ಲಿ ಮಾಡೋಣ, ಎರವಲಿಗೆ ಅನುಕೂಲ. ಬರುವಾಗ ಆ ಹಳೆಯ ಬೂಟುಗಳನ್ನೂ ತನ್ನಿ, ಅಟ್ಟೆ ಒತ್ತಿ ನೋಡೋಣ. ಕೆಳಗೆ ಹಾಸಲು ಹಳೆಯ ಪೇಪರೂ ಇರಲಿ, ಹಾಲ್ ಗುಡಿಸುವ ಸರದಿ ಈ ಸಲ ನಮ್ಮ ಮನೆಯದು.

— ಪಾರ್ಕ್‌ಲ್ಯಾಂಡ್ಸಿನಿಂದ ಒಬ್ಬ ಸದಸ್ಯೆ