ಒಪ್ಪಿಗೆ ಯಾವ ಭಾಷೆಯಲ್ಲಿ?

ಭಾಷೆಯ ಪ್ರಶ್ನೆಯನ್ನು ನಾವು ಹೊರನಾಡ ಕನ್ನಡಿಗರು ಶಾಲೆ, ಪಠ್ಯಪುಸ್ತಕ, ರಂಗಭೂಮಿ, ಸಮ್ಮೇಳನ ಇವುಗಳ ಚೌಕಟ್ಟಿನೊಳಗೇ ಚರ್ಚಿಸುತ್ತ ಬಂದಿದ್ದೇವೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಮುಚ್ಚಿಹೋದುದಕ್ಕೆ ಮರುಗಿದ್ದೇವೆ. ಮಕ್ಕಳು ಮನೆಯಲ್ಲಿ ಹಿಂದಿ ಮಾತನಾಡುವುದಕ್ಕೆ ಕಳವಳಪಟ್ಟಿದ್ದೇವೆ. ಇವೆಲ್ಲ ನ್ಯಾಯವಾದ ಚಿಂತೆಗಳೇ. ಆದರೆ ದಿನಕ್ಕೆ ಹತ್ತಾರು ಸಲ ನಮ್ಮ ಒಪ್ಪಿಗೆಯನ್ನು ನಮ್ಮದಲ್ಲದ ಭಾಷೆಯಲ್ಲಿ ಕೇಳಿ ಪಡೆಯುವ ವ್ಯವಹಾರವೊಂದು ನಮ್ಮ ಅಂಗೈಯ ಮೇಲೆಯೇ ನಡೆಯುತ್ತಿದೆ. ಅದೂ ಭಾಷೆಯ ಪ್ರಶ್ನೆಯೇ ಎಂಬುದು ನಮಗಿನ್ನೂ ಹೊಳೆದಂತಿಲ್ಲ. ಜಾಲತಾಣಗಳು ಬಳಸುವ 'ಕುಕಿ'ಗಳ ಬಗ್ಗೆ ಈ ಮಾತು.

ಕುಕಿ ಎಂದರೇನು? ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ನಮ್ಮ ಕೈಗೊಂದು ಬಿಲ್ಲೆ ಬರುತ್ತದೆ. ಚಪ್ಪಲಿ ಕಾಯುವವನಿಗೆ ನಮ್ಮ ಮುಖದ ನೆನಪಿಲ್ಲ, ಹೆಸರು ಬೇಕಿಲ್ಲ. ಬಿಲ್ಲೆಯ ಮೇಲಿನ ಸಂಖ್ಯೆಯೊಂದೇ ಸಾಕು. ಜಾಲತಾಣದ ಕಥೆಯೂ ಹೀಗೆಯೇ. ಅದನ್ನು ಒದಗಿಸುವ ಗಣಕಕ್ಕೆ ಸ್ವಭಾವತಃ ನೆನಪಿನ ಶಕ್ತಿಯಿಲ್ಲ. ಒಂದು ಪುಟವನ್ನು ಕೊಟ್ಟ ಮರುಕ್ಷಣ ಕೇಳಿದವರು ಯಾರೆಂಬುದನ್ನು ಅದು ಮರೆಯುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಅದು ನಮ್ಮ ಬ್ರೌಸರಿನ ಕೈಗೆ ಅಕ್ಷರ ಮತ್ತು ಅಂಕೆಗಳ ಒಂದು ಸಣ್ಣ ಗುರುತನ್ನು ಕೊಟ್ಟು ಕಳಿಸುತ್ತದೆ. ಆ ತಾಣಕ್ಕೆ ನಾವು ಮತ್ತೆ ಹೋದಾಗಲೆಲ್ಲ ಬ್ರೌಸರು ಆ ಗುರುತನ್ನು ತಾನಾಗಿಯೇ ತೋರಿಸುತ್ತದೆ. ಬ್ಯಾಂಕಿನ ತಾಣದಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದರೂ ಗುಪ್ತಪದವನ್ನು ಮತ್ತೆ ಕೇಳದಿರುವುದು, ರೈಲ್ವೆ ಟಿಕೆಟು ಕಾದಿರಿಸುವಾಗ ಆರಿಸಿದ ಗಾಡಿ ಕೈತಪ್ಪದಿರುವುದು ಇದರಿಂದಲೇ. ಕೆಲವು ಕುಕಿಗಳು ಬ್ರೌಸರನ್ನು ಮುಚ್ಚಿದೊಡನೆ ಅಳಿಯುತ್ತವೆ. ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಕುಕಿ ತಾನಾಗಿ ಓಡುವ ಕಾರ್ಯಕ್ರಮವಲ್ಲ, ವೈರಸ್ಸೂ ಅಲ್ಲ. ಅದನ್ನು ಕಂಡು ಬೆಚ್ಚಬೇಕಾಗಿಲ್ಲ.

ಇದನ್ನು ರೂಪಿಸಿದವರು ನೆಟ್‌ಸ್ಕೇಪ್ ಸಂಸ್ಥೆಯ ತಂತ್ರಜ್ಞ ಲೂ ಮಾಂಟುಲಿ, ವರ್ಷ 1994. ಯಂತ್ರಗಳು ತಮ್ಮತಮ್ಮೊಳಗೆ ವಿನಿಮಯ ಮಾಡಿಕೊಳ್ಳುವ ಗುರುತಿಗೆ ಗಣಕ ತಜ್ಞರು ಮೊದಲೇ 'ಮ್ಯಾಜಿಕ್ ಕುಕಿ' ಎನ್ನುತ್ತಿದ್ದರು. ಹೆಸರು ಅಲ್ಲಿಂದ ಬಂತು. ಉದ್ದೇಶವೂ ಸರಳವಾಗಿತ್ತು. ಜಾಲದ ಅಂಗಡಿಯಲ್ಲಿ ಗಿರಾಕಿ ಬುಟ್ಟಿಗೆ ಹಾಕಿದ ಸಾಮಾನು ಯಾವುದೆಂದು ನೆನಪಿರಬೇಕು, ಅಷ್ಟೆ. ಆದರೆ ಈ ಗುರುತು ಇರುವುದು ಬಳಸುವವರ ಗಮನಕ್ಕೇ ಬಂದಿರಲಿಲ್ಲ. 1996ರ ಫೆಬ್ರವರಿಯಲ್ಲಿ ಲಂಡನ್ನಿನ 'ಫೈನಾನ್ಶಿಯಲ್ ಟೈಮ್ಸ್' ಪತ್ರಿಕೆ ಇದರ ಬಗ್ಗೆ ಬರೆದ ಮೇಲೆಯೇ ಸಾರ್ವಜನಿಕ ಚರ್ಚೆ ಹುಟ್ಟಿತು.

ತೊಡಕು ಇರುವುದು ಆ ಒಂದು ಬಿಲ್ಲೆಯಲ್ಲಲ್ಲ. ಊರಿನ ಎಲ್ಲ ದೇವಸ್ಥಾನ, ಹೋಟೆಲು, ಆಸ್ಪತ್ರೆ, ಸಿನೆಮಾ ಮಂದಿರಗಳ ಬಾಗಿಲಲ್ಲೂ ಚಪ್ಪಲಿ ಕಾಯುವ ಗುತ್ತಿಗೆ ಒಬ್ಬನದೇ ಆಗಿದ್ದು, ಎಲ್ಲ ಕಡೆಯೂ ನಾವು ಒಂದೇ ಬಿಲ್ಲೆಯನ್ನು ತೋರಿಸಬೇಕಾದರೆ ಏನಾದೀತು? ನಮ್ಮ ಹೆಸರು ತಿಳಿಯದಿದ್ದರೂ, ಬೆಳಿಗ್ಗೆ ಯಾವ ದೇವರಿಗೆ ಕೈಮುಗಿದೆವು, ಮಧ್ಯಾಹ್ನ ಏನು ಉಂಡೆವು, ಸಂಜೆ ಯಾವ ವೈದ್ಯರ ಬಾಗಿಲು ತಟ್ಟಿದೆವು ಎಂಬುದೆಲ್ಲ ಆ ಗುತ್ತಿಗೆದಾರನ ಪುಸ್ತಕದಲ್ಲಿ ಸಾಲಾಗಿ ದಾಖಲಾಗುತ್ತದೆ. 'ಥರ್ಡ್ ಪಾರ್ಟಿ' ಕುಕಿ, ಅಂದರೆ ಹೊರಗಿನವರ ಕುಕಿ, ಇದೇ. ನಾವು ಓದುತ್ತಿರುವುದು ಒಂದು ಪತ್ರಿಕೆಯ ಪುಟ. ಅದರ ಮೂಲೆಯಲ್ಲಿರುವ ಜಾಹೀರಾತು ಬರುವುದು ಬೇರೊಂದು ಸಂಸ್ಥೆಯ ಗಣಕದಿಂದ. ಆ ಸಂಸ್ಥೆಯೂ ತನ್ನ ಗುರುತನ್ನು ನಮಗೆ ಅಂಟಿಸುತ್ತದೆ. ಸಾವಿರಾರು ತಾಣಗಳಲ್ಲಿ ಅದೇ ಸಂಸ್ಥೆಯ ಜಾಹೀರಾತುಗಳಿದ್ದರೆ ಸಾವಿರಾರು ಬಾಗಿಲುಗಳಲ್ಲಿ ಅದು ನಮ್ಮನ್ನು ಕಂಡಂತೆಯೇ. ಈ ಅಪಾಯವನ್ನು ತಜ್ಞರು ಕಾಣದೆ ಹೋಗಲಿಲ್ಲ. 1997ರ ಫೆಬ್ರವರಿಯಲ್ಲಿ ಪ್ರಕಟವಾದ ಮೊದಲ ಮಾನಕದಲ್ಲಿಯೇ ಹೊರಗಿನವರ ಕುಕಿಗಳನ್ನು ಬ್ರೌಸರುಗಳು ತಾವಾಗಿ ಸ್ವೀಕರಿಸಬಾರದೆಂದು ಸೂಚಿಸಲಾಗಿತ್ತು. ಅಂದಿನ ಎರಡು ಪ್ರಮುಖ ಬ್ರೌಸರುಗಳ ಒಡೆಯರಾದ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಅದನ್ನು ಪಾಲಿಸಲಿಲ್ಲ. ಆ ಅಲಕ್ಷ್ಯದ ಮೇಲೆಯೇ ಜಾಲದ ಜಾಹೀರಾತು ಉದ್ಯಮ ಬೆಳೆದು ನಿಂತಿತು.

"ನಾವೇನು ಕಳ್ಳತನ ಮಾಡುತ್ತೇವೆಯೆ? ನೋಡಿದರೆ ನೋಡಲಿ" ಎನ್ನುವ ಮಿತ್ರರು ನನಗಿದ್ದಾರೆ. ಬೇರೆಯವರು ಈ ಮಾತನ್ನಾಡಬಹುದು. ಹೊರನಾಡ ಕನ್ನಡಿಗರ ಬಾಯಿಂದ ಇದು ಬರಬಾರದು. ಪಟ್ಟಿಯೊಂದರಲ್ಲಿ ಹೆಸರಿರುವುದೆಂದರೆ ಏನೆಂದು ನಮ್ಮ ಹಿಂದಿನ ತಲೆಮಾರಿಗೆ ಗೊತ್ತಿತ್ತು. 1960ರಲ್ಲಿ ಆರಂಭವಾದ 'ಮಾರ್ಮಿಕ' ವಾರಪತ್ರಿಕೆಯು ಮುಂಬಯಿಯ ಸಂಸ್ಥೆಗಳಲ್ಲಿ ಕೆಲಸಕ್ಕಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿಗಳನ್ನು ಅಚ್ಚು ಮಾಡಿತು. ಆ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುವು. ಆ ಹೆಸರುಗಳಲ್ಲಿ ಯಾವುದೂ ಗುಟ್ಟಿನದಾಗಿರಲಿಲ್ಲ. ಚದುರಿಹೋಗಿದ್ದುದನ್ನು ಒಂದೆಡೆ ಕೂಡಿಸಿದ್ದರಲ್ಲಿ ಅಪಾಯವಿತ್ತು. ಇಂದು ಆ ಕಾಲ ಕಳೆದಿದೆ. ನೆರೆಹೊರೆಯವರೊಡನೆ ನಾವು ಸೌಹಾರ್ದದಿಂದ ಬಾಳುತ್ತಿದ್ದೇವೆ. ಆದರೂ ಯಾವ ಭಾಷೆಯ ಪತ್ರಿಕೆ ಓದುತ್ತೇವೆ, ಯಾವ ಜಾತಿಯ ವಧೂವರರ ತಾಣ ನೋಡುತ್ತೇವೆ, ಯಾವ ಕಾಯಿಲೆಗೆ ಮದ್ದು ಹುಡುಕುತ್ತೇವೆ, ಯಾವ ಸಾಲಕ್ಕೆ ಅರ್ಜಿ ಹಾಕುತ್ತೇವೆ ಎಂಬುದನ್ನೆಲ್ಲ ಕೂಡಿಸಿ ಇಟ್ಟ ಪುಸ್ತಕ ಯಾರ ಕೈಗೆ ಎಂದು ಸಿಗುವುದೋ ಯಾರು ಬಲ್ಲರು? ಜನರನ್ನು ವಿಂಗಡಿಸಿಟ್ಟ ಪಟ್ಟಿ ಅದನ್ನು ಬರೆದವನ ಉದ್ದೇಶದೊಳಗೇ ನಿಲ್ಲುತ್ತದೆ ಎಂಬ ಭರವಸೆ ನನಗಿಲ್ಲ.

ಯೂರೋಪಿನ ರಾಷ್ಟ್ರಗಳು ಇದಕ್ಕೆ ಕಾನೂನಿನ ಕಡಿವಾಣ ಹಾಕಲು ಹೊರಟವು. 2009ರ ತಿದ್ದುಪಡಿಯ ಮೂಲಕ ಅಲ್ಲಿ ಅನಿವಾರ್ಯವಲ್ಲದ ಕುಕಿಗಳಿಗೆ ಮುಂಚಿತ ಒಪ್ಪಿಗೆ ಬೇಕೆಂದಾಯಿತು. 2018ರ ಮೇ 25ರಿಂದ ಜಾರಿಯಾದ ದತ್ತಾಂಶ ಸಂರಕ್ಷಣಾ ನಿಯಮಾವಳಿಯು ಆ ಒಪ್ಪಿಗೆ ಎಂಥದಿರಬೇಕೆಂದು ಬಿಗಿಗೊಳಿಸಿತು. ಮೊದಲೇ ಗುರುತು ಹಾಕಿಟ್ಟ ಚೌಕವು ಒಪ್ಪಿಗೆಯಾಗಲಾರದೆಂದು ಅಲ್ಲಿನ ಅತ್ಯುಚ್ಚ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಒಪ್ಪುವುದಕ್ಕೆ ಒಂದೇ ಒತ್ತು, ನಿರಾಕರಿಸುವುದಕ್ಕೆ ಹಲವು ಒತ್ತುಗಳೆಂಬ ವಂಚನೆಗಾಗಿ ಫ್ರಾನ್ಸಿನ ನಿಯಂತ್ರಣ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತು. ಈಗ ಎಲ್ಲೆಲ್ಲೂ ಪುಟವನ್ನು ಮುಚ್ಚಿಕೊಂಡು ಏಳುವ ಆ ಚೌಕಟ್ಟಿಗೆ ಮೂಲ ಇದೇ. ಕಾನೂನು ಕೊಟ್ಟ ಹಕ್ಕನ್ನು ವ್ಯಾಪಾರವು ಕಿರಿಕಿರಿಯಾಗಿ ಮಾರ್ಪಡಿಸಿತು.

ಆ ಕಿರಿಕಿರಿ ನಮ್ಮ ಮನೆಗಳಿಗೆ ಹೇಗೆ ಬಂದಿದೆ ನೋಡಿ. ಡೊಂಬಿವಲಿಯಲ್ಲಿರುವ ನನ್ನ ಸೋದರತ್ತೆಗೆ ಎಂಬತ್ತೆರಡು ವರ್ಷ. ಏಳನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವರು. ಮೊಮ್ಮಗ ಕೊಡಿಸಿದ ಫೋನಿನಲ್ಲಿ ದಿನವೂ ಕನ್ನಡ ಸುದ್ದಿ ಓದುತ್ತಾರೆ. ಕನ್ನಡದ ಪುಟದ ಮೇಲೆ ಇಂಗ್ಲಿಷಿನ ಚೌಕಟ್ಟೊಂದು ಏಳುತ್ತದೆ. ಅವರು ನೀಲಿ ಗುಂಡಿಯನ್ನು ಒತ್ತುತ್ತಾರೆ. ಅದರಲ್ಲೇನು ಬರೆದಿದೆ ಎಂದು ಕೇಳಿದೆ. "ಅದು ಅಡ್ಡ ಬರ್ತದೆ ಮಗಾ, ಒತ್ತಿದ್ರೆ ಹೋಗ್ತದೆ" ಎಂದರು. ಆ ಸಂಸ್ಥೆಯ ಲೆಕ್ಕದಲ್ಲಿ ಅತ್ತೆಯವರು ತಿಳಿದು ಒಪ್ಪಿಗೆ ಕೊಟ್ಟಿದ್ದಾರೆ. ವಾಸ್ತವದಲ್ಲಿ ಅವರು ಮಾಡಿದ್ದು ದಾರಿಗಡ್ಡ ಬಿದ್ದ ಕಡ್ಡಿಯನ್ನು ಸರಿಸಿದ್ದಷ್ಟೇ. ಓದಲಾಗದವರ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಸಾಹುಕಾರರ ಕಥೆಗಳನ್ನು ಕೇಳಿ ಬೆಳೆದವರು ನಾವು. ಈ ನೀಲಿ ಗುಂಡಿ ಆ ಹೆಬ್ಬೆಟ್ಟಿನ ಹೊಸ ಅವತಾರವೆನ್ನದೆ ನನಗೆ ಬೇರೆ ಮಾತು ತೋಚುವುದಿಲ್ಲ.

ಇಲ್ಲಿಯೇ ನಮ್ಮ ದೇಶದ ಕಾನೂನಿನ ಒಂದು ಅಂಶವನ್ನು ವಾಚಕರ ಗಮನಕ್ಕೆ ತರಬಯಸುತ್ತೇನೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತಷ್ಟೆ. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯೇ ಅದಕ್ಕೆ ಬೀಜ. ಆ ತೀರ್ಪಿನ ಬೆನ್ನಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂತು. ಅದರ ಆರನೆಯ ಪ್ರಕರಣವು ಒಪ್ಪಿಗೆಯ ಕೋರಿಕೆ ಸ್ಪಷ್ಟವೂ ಸರಳವೂ ಆದ ಭಾಷೆಯಲ್ಲಿರಬೇಕೆಂದೂ, ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ಪೈಕಿ ಯಾವುದರಲ್ಲಾಗಲಿ ಓದುವ ಆಯ್ಕೆ ಪ್ರಜೆಗೆ ಇರಬೇಕೆಂದೂ ವಿಧಿಸುತ್ತದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆದುಕೊಳ್ಳುವ ಹಕ್ಕೂ ಅದರಲ್ಲಿದೆ.

ಈ ಮಾತಿನ ಮಹತ್ವವನ್ನು ಹೊರನಾಡಿನವರು ಸರಿಯಾಗಿ ಗ್ರಹಿಸಬೇಕು. ರಾಜ್ಯಗಳ ಭಾಷಾ ಕಾನೂನುಗಳು ಆಯಾ ರಾಜ್ಯದ ಗಡಿಯೊಳಗೆ ನಿಲ್ಲುತ್ತವೆ; ಕರ್ನಾಟಕದ ಕನ್ನಡ ಕಾನೂನು ಮಾಟುಂಗಕ್ಕೆ ಬಾರದು. ಆದರೆ ಈ ಹಕ್ಕು ಅಂಟಿಕೊಂಡಿರುವುದು ಭೂಮಿಗಲ್ಲ, ವ್ಯಕ್ತಿಗೆ. ಪುಣೆಯಲ್ಲಿರಲಿ, ದೆಹಲಿಯಲ್ಲಿರಲಿ, ಕನ್ನಡದಲ್ಲಿ ಕೇಳು ಎನ್ನುವ ಅಧಿಕಾರ ನಮ್ಮದು. ಅಧಿನಿಯಮವು ಕುಕಿಯ ಹೆಸರೆತ್ತುವುದಿಲ್ಲ, ನಿಜ. ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಯಾವ ದತ್ತಾಂಶವೂ ಅದರ ವ್ಯಾಪ್ತಿಗೆ ಬರುವುದರಿಂದ, ಬೆನ್ನುಹತ್ತುವ ಕುಕಿಗಳು ಅದರ ಹೊರಗುಳಿಯಲಾರವೆಂಬುದು ನನ್ನ ಅಭಿಪ್ರಾಯ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಅವಧಿ ಕೊಡಲಾಗಿದೆ. ಸರ್ಕಾರವು ತನ್ನ ಅಂಗಸಂಸ್ಥೆಗಳಿಗೆ ವಿನಾಯಿತಿ ಕೊಡಲು ಕಾನೂನಿನಲ್ಲಿ ದೊಡ್ಡ ಕಿಂಡಿಯೇ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಆದರೂ ಕೈಗೆ ಸಿಕ್ಕ ಹಕ್ಕನ್ನು ಬಳಸದೆ ಬಿಡುವುದು ವಿವೇಕವಲ್ಲ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಹೊರಗಿನವರ ಕುಕಿಗಳನ್ನು ಆಪಲ್ ಸಂಸ್ಥೆಯ ಸಫಾರಿ ಬ್ರೌಸರು 2020ರಿಂದ ತಾನಾಗಿಯೇ ತಡೆಯುತ್ತಿದೆ. ಫೈರ್‌ಫಾಕ್ಸ್ 2019ರಿಂದಲೇ ಬೆನ್ನುಹತ್ತುವ ಕುಕಿಗಳಿಗೆ ಅಡ್ಡಗಟ್ಟಿದೆ. ಅತಿ ಹೆಚ್ಚು ಜನ ಬಳಸುವ ಕ್ರೋಮ್ ಮಾತ್ರ 2020ರಲ್ಲಿ ಕೊಟ್ಟ ಮಾತನ್ನು ಮುಂದೂಡುತ್ತ ಬಂದು 2024ರಲ್ಲಿ ಕೈಬಿಟ್ಟಿತು; ಅದರ ಒಡೆಯರಾದ ಗೂಗಲ್‌ನ ಬದುಕೇ ಜಾಹೀರಾತಿನದು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಕ್ರೋಮ್‌ನಲ್ಲೂ ಸೆಟ್ಟಿಂಗ್ಸ್ ತೆರೆದು, 'ಪ್ರೈವಸಿ ಅಂಡ್ ಸೆಕ್ಯುರಿಟಿ' ವಿಭಾಗದೊಳಗೆ 'ಥರ್ಡ್ ಪಾರ್ಟಿ ಕುಕೀಸ್' ಎಂಬಲ್ಲಿ ತಡೆಯುವ ಆಯ್ಕೆಯನ್ನು ನಾವೇ ಒತ್ತಬಹುದು. ಬ್ಯಾಂಕು, ರೈಲ್ವೆ ತಾಣಗಳು ಸಾಮಾನ್ಯವಾಗಿ ಇದರಿಂದ ಕೆಡುವುದಿಲ್ಲ. ಯಾವುದಾದರೊಂದು ಕೆಟ್ಟರೆ ಅದೊಂದಕ್ಕೆ ವಿನಾಯಿತಿ ಕೊಡಬಹುದು. ಇರುವ ಕುಕಿಗಳನ್ನೆಲ್ಲ ಆಗಾಗ ಅಳಿಸಬಹುದು. ಆಮೇಲೆ ಪ್ರತಿ ತಾಣದಲ್ಲೂ ಗುಪ್ತಪದವನ್ನು ಮತ್ತೆ ಕೊಡಬೇಕಾಗುತ್ತದೆ, ಅಷ್ಟೆ. ಖಾಸಗಿ ಕಿಟಕಿಯನ್ನು ಮುಚ್ಚಿದಾಗ ಅದರ ಕುಕಿಗಳು ಅಳಿಯುತ್ತವೆ. ಆದರೆ ನಾವು ಯಾರಿಗೂ ಕಾಣದಾಗುತ್ತೇವೆಂದು ಭ್ರಮಿಸಬಾರದು. ಹೆಸರು ಕೊಟ್ಟು ಒಳಹೊಕ್ಕ ತಾಣಕ್ಕೆ ನಮ್ಮನ್ನು ಗುರುತಿಸಲು ಹೊರಗಿನ ಬಿಲ್ಲೆಯೇ ಬೇಕಿಲ್ಲ. ಫೋನಿನ ಆ್ಯಪುಗಳಿಗೆ ಬೇರೆಯದೇ ಜಾಹೀರಾತು ಗುರುತು ಇರುತ್ತದೆ, ಅದನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬೇಕು.

ಜಾಹೀರಾತಿಲ್ಲದೆ ಪತ್ರಿಕೆಗಳು ಬದುಕುವುದು ಹೇಗೆಂಬ ಆಕ್ಷೇಪ ಬರಬಹುದು. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ನಮ್ಮ ಸಂಘಗಳ ಸಂಚಿಕೆಗಳು ಹೊರಬರುವುದೂ ಹೋಟೆಲು, ಸಹಕಾರಿ ಬ್ಯಾಂಕು, ಸೀರೆ ಅಂಗಡಿಗಳ ಜಾಹೀರಾತಿನ ಬಲದಿಂದಲೇ. ಆದರೆ ದೀಪಾವಳಿ ಸಂಚಿಕೆಯಲ್ಲಿ ಸೀರೆಯ ಜಾಹೀರಾತು ಕೊಡುವ ವ್ಯಾಪಾರಿ, ಅದನ್ನು ನೋಡಿದ ಓದುಗಳು ಆಮೇಲೆ ಎಲ್ಲಿಗೆ ಹೋದಳೆಂದು ಹಿಂಬಾಲಿಸುವುದಿಲ್ಲ. ಓದುವ ವಿಷಯಕ್ಕೆ ಒಪ್ಪುವ ಜಾಹೀರಾತು ಒಂದು, ಓದುವವರ ಬೆನ್ನುಹತ್ತುವ ಜಾಹೀರಾತು ಇನ್ನೊಂದು. ಮೊದಲನೆಯದಕ್ಕೆ ನನ್ನ ವಿರೋಧವಿಲ್ಲ.

ಸಂಘಗಳ ಮುಂದೆ ಮೂರು ಕೆಲಸಗಳಿವೆ. ಮೊದಲನೆಯದು, ನಮ್ಮದೇ ಜಾಲತಾಣಗಳನ್ನು ತಿದ್ದಿಕೊಳ್ಳುವುದು: ಸಮಾರಂಭದ ವೀಡಿಯೋ, ಭೇಟಿಗಾರರ ಲೆಕ್ಕ ಎಂದು ತಂದು ಅಂಟಿಸಿದ ತುಣುಕುಗಳ ಮೂಲಕ ಹೊರಗಿನವರ ಕುಕಿಗಳು ಸದಸ್ಯರ ಮನೆ ಹೊಗುತ್ತವೆ. ಎರಡನೆಯದು, ಹಿರಿಯ ಸದಸ್ಯರಿಗೆ ಒಂದು ಭಾನುವಾರ ಫೋನು ಹಿಡಿದು ಈ ಆಯ್ಕೆಗಳನ್ನು ತೋರಿಸಿಕೊಡುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ನಾಳೆ ಕನ್ನಡದ ಚೌಕಟ್ಟುಗಳು ಬಂದಾಗ ಅವು ಯಂತ್ರ ಅನುವಾದಿಸಿದ, ಕನ್ನಡದ ವೇಷ ತೊಟ್ಟ ಇಂಗ್ಲಿಷಾಗಿ ಬರುವ ಸಂಭವವೇ ಹೆಚ್ಚು. ಅರ್ಥವಾಗದ ಕನ್ನಡದಲ್ಲಿ ಕೇಳಿದ ಒಪ್ಪಿಗೆಯೂ ಒಪ್ಪಿಗೆಯಲ್ಲ. "ನೀವು ಬೇರೆ ಬೇರೆ ತಾಣಗಳಲ್ಲಿ ಏನು ನೋಡುತ್ತೀರೆಂದು ಗುರುತಿಟ್ಟುಕೊಂಡು ಜಾಹೀರಾತು ಕಂಪನಿಗಳಿಗೆ ತಿಳಿಸುತ್ತೇವೆ, ಆಗಬಹುದೆ, ಬೇಡವೆ?" ಎಂದು ಕೇಳಲು ದೊಡ್ಡ ಪಾರಿಭಾಷಿಕ ಕೋಶವೇನೂ ಬೇಕಾಗಿಲ್ಲ. ಹೀಗೆ ಕೇಳಿದ್ದರೆ ನನ್ನ ಅತ್ತೆ ಏನು ಹೇಳುತ್ತಿದ್ದರೆಂದು ಕಂಪನಿಗಳಿಗೂ ಗೊತ್ತು. ಇಷ್ಟು ಸರಳವಾಗಿ ಕೇಳಲು ಅವು ಹಿಂದೆಗೆಯುತ್ತಿರುವುದು ಅದಕ್ಕೇ. ಹಾಗೆ ಕೇಳುವಂತೆ ಮಾಡಬೇಕಾದ ಹೊಣೆ ನಮ್ಮದಾಗಿರುವುದೂ ಅದಕ್ಕೇ.