ತಕ್ಕಡಿಯೂ ತೋಳ್ಬಲವೂ

“ತನ್ನ ತೂಕದವರಲ್ಲಿ ಸೋಲನ್ನೇ ಕಾಣದ ಮುಷ್ಟಿಮಲ್ಲ ಯಾರು?” ಈ ಪ್ರಶ್ನೆಯಿಂದ ಮೈಸೂರು ಶ್ರೀರಾಂಪುರದ ವಾಚಕ ಮಹಾಶಯರೊಬ್ಬರ ಮನೆಯಲ್ಲಿ ತಂದೆಗೂ ಮಗನಿಗೂ ದಿನವೂ ಊಟದ ಹೊತ್ತಿಗೆ ವಾಗ್ಯುದ್ಧವಂತೆ. ತಂದೆ ರಾಕಿ ಮಾರ್ಸಿಯಾನೊ ಪಕ್ಷ. ಮಗ ಷುಗರ್ ರೇ ರಾಬಿನ್ಸನ್ ಪಕ್ಷ. ತೀರ್ಪಿನ ಭಾರವನ್ನು ನಮ್ಮ ಮೇಲೆ ಹೊರಿಸಿದ್ದಾರೆ.

ತಂದೆಯ ವಾದ ಸರಳವಾದುದು. ಮಾರ್ಸಿಯಾನೊ 49 ಪಂದ್ಯಗಳನ್ನಾಡಿ 49ನ್ನೂ ಗೆದ್ದು 1956ರಲ್ಲಿ ನಿವೃತ್ತನಾದ. ಲೆಕ್ಕದಲ್ಲಿ ಕಳಂಕವಿಲ್ಲ. ಆದರೆ 1951ರಲ್ಲಿ ಅವನು ಜೋ ಲೂಯಿಯನ್ನು ಕೆಡಹಿದಾಗ ಲೂಯಿಗೆ 37 ವರ್ಷ. ಸಿಂಹಕ್ಕೆ ಮುಪ್ಪು ಬಂದಿತ್ತು. ಮಾರ್ಸಿಯಾನೊ ತೂಕವೂ 185 ಪೌಂಡಿನ ಆಸುಪಾಸು. ಇಂದು ಹೆವಿವೇಟಿಗೆ ಕೆಳಗಿನ ವರ್ಗದ ಮಿತಿಯೇ 200 ಪೌಂಡು! ಅವನ ಗೆಲುವು ನಿಜ. ಅವನ ವರ್ಗ ಮಾತ್ರ ಕಾಲದೊಡನೆ ಬದಲಾಗಿದೆ.

ಮಗನ ನಾಯಕನಾದ ರಾಬಿನ್ಸನ್ 1946ರಿಂದ 1951ರವರೆಗೆ 147 ಪೌಂಡಿನ ವರ್ಗದಲ್ಲಿ ಜಗಜ್ಜೆಟ್ಟಿ. 1943ರಲ್ಲಿ ಅವನನ್ನು ಮೊದಲು ಸೋಲಿಸಿದ ಜೇಕ್ ಲಮೋಟ ಅವನಿಗಿಂತ 16 ಪೌಂಡು ಭಾರದವನು. ಅದೇ ಲಮೋಟನನ್ನು ಆರು ಭೇಟಿಗಳಲ್ಲಿ ಐದು ಬಾರಿ ರಾಬಿನ್ಸನ್ ಗೆದ್ದ. 1952ರ ಜೂನ್‌ನಲ್ಲಿ ಇನ್ನೂ ಭಾರದ ಜೋಯಿ ಮ್ಯಾಕ್ಸಿಮ್‌ನ ಎದುರು ನಿಂತಾಗ ನ್ಯೂಯಾರ್ಕಿನ ಉರಿಬೇಗೆಗೆ ರೆಫರಿಯೇ ಬಳಲಿ ಬದಲಾದ. 13ನೆಯ ಸುತ್ತಿನ ಬಳಿಕ ರಾಬಿನ್ಸನ್ನೂ ಏಳಲಾರದೆ ಹೋದ. ಅಂಕಗಳಲ್ಲಿ ಮುಂದಿದ್ದವನು ಅವನೇ.

ತೂಕ ನೋಡಿ ಜೋಡಿ ಮಾಡುವುದು ಪರದೇಶದ ವಿದ್ಯೆಯೆಂದು ತಿಳಿಯಬೇಡಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಂದ ವಿಂಗಡಿಸಿದ್ದಾನೆ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುನ್ನ ಗರಡಿಯ ಹಿರಿಯರು ಜೋಡಿ ಕಟ್ಟುವುದರ ತಿರುಳೂ ಇದೇ: ಸಮಾನರಲ್ಲದವರ ಗೆಲುವು ಗೆಲುವಲ್ಲ.

ಅರಮನೆಯ ವಜ್ರಮುಷ್ಟಿ ಕಾಳಗ ಇನ್ನೂ ಒಂದು ಹೆಜ್ಜೆ ಮುಂದೆ. ವಿಜಯದಶಮಿಯ ಬೆಳಗ್ಗೆ ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಯಲ್ಲಿ ಆಯುಧ ಹಿಡಿದು ಎದುರಾಗುತ್ತಾರೆ. ತಲೆಯಿಂದ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯಿತು. ಅಲ್ಲಿ ಅಜೇಯನೆಂಬ ಬಿರುದಿಗೆ ಎಡೆಯಿಲ್ಲ. ಎಂಥ ಶೂರನೂ ಒಂದು ಹನಿ ನೆತ್ತರಿನಷ್ಟೇ ದೂರ. 16ನೆಯ ಶತಮಾನದಲ್ಲಿ ವಿಜಯನಗರದ ಮಹಾನವಮಿಯನ್ನು ವರ್ಣಿಸಿದ ಪೋರ್ಚುಗೀಸ್ ನೂನಿಜ್, ಮೊನೆಯುಳ್ಳ ಬಳೆಗಳಿಂದ ಹೊಡೆದಾಡುವ ಮಲ್ಲರಲ್ಲಿ ಹೆಚ್ಚು ಗಾಯಗೊಂಡವನಿಗೇ ರೇಷ್ಮೆಯ ವಸ್ತ್ರದ ಬಹುಮಾನವೆಂದು ಬರೆದಿದ್ದಾನೆ. ಪೆಟ್ಟು ಕೊಟ್ಟವನಿಗಲ್ಲ, ಪೆಟ್ಟು ತಿಂದೂ ನಿಂತವನಿಗೆ ಮನ್ನಣೆ!

ಇನ್ನು ತೀರ್ಪು. ಪ್ರಶ್ನೆಯಲ್ಲಿ ‘ತನ್ನ ತೂಕದವರಲ್ಲಿ’ ಎಂಬ ಮಾತಿರುವುದರಿಂದ ಜಯ ಮಗನದು. ಸೊನ್ನೆ ಸೋಲಿನ ಪಟ್ಟಿಗಿಂತ, ತನಗಿಂತ ಭಾರದವನಿಗೆ ಸೋತು, ಮತ್ತೆ ಅವನನ್ನೇ ಹುಡುಕಿಕೊಂಡು ಹೋದವನ ಪಟ್ಟಿಯೇ ನಮಗೆ ದೊಡ್ಡದಾಗಿ ಕಾಣುತ್ತದೆ. ಆದರೆ ನೂನಿಜ್ ಕಂಡ ನ್ಯಾಯದಂತೆ ರೇಷ್ಮೆಯ ವಸ್ತ್ರ ಸಲ್ಲಬೇಕಾದುದು, ಸೋತ ತಂದೆಯವರಿಗೆ. ಮಗರಾಯರು ದಯಮಾಡಿ ಗಮನಿಸಬೇಕು.