ಮೂಲೆಗೆ ಬಿದ್ದ ಕಪಾಟು, ಹೆಸರು ಮರೆತ ಬೀಜ

ಮಳೆಗಾಲ ಕಳೆದು ನೆಲ ಒಣಗುತ್ತಿದ್ದಂತೆ ಮಲೆನಾಡಿನ ಹಳ್ಳಿಗಳಲ್ಲಿ ಮನೆ ಕಟ್ಟುವ, ಮನೆ ಕೆಡಹುವ ಕಾಲ ಆರಂಭವಾಗುತ್ತದೆ. ಹೆಂಚಿನ ಮಾಡು ಇಳಿದು ತಾರಸಿ ಏರುತ್ತದೆ. ಅದರೊಂದಿಗೆ ಒಳಗಿನ ಮರದ ಸಾಮಾನುಗಳೂ ಹಿತ್ತಿಲಿಗೆ ಬರುತ್ತವೆ. ಒಂದು ಕಾಲದಲ್ಲಿ ಹಾಲು, ಮೊಸರು, ಬೆಣ್ಣೆಗಳನ್ನು ಬೆಕ್ಕಿನಿಂದಲೂ ನೊಣದಿಂದಲೂ ಕಾಯುತ್ತಿದ್ದ ಜಾಲರಿ ಕಪಾಟು ಅವುಗಳಲ್ಲೊಂದು. ಇರುವೆ ಹತ್ತದಂತೆ ಅದರ ನಾಲ್ಕು ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಫ್ರಿಜ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು. ಕೆಲವು ದಿನ ಬಿಸಿಲಿಗೆ ಒಡ್ಡಿಕೊಂಡು ನಿಂತು, ಕೊನೆಗೆ ಗುಜರಿಯವರ ಗಾಡಿಯನ್ನೋ ಬಚ್ಚಲ ಒಲೆಯನ್ನೋ ಸೇರುತ್ತದೆ.

ಅದೇ ಮನೆಯ ಮಕ್ಕಳ ಬಳಿ ಇನ್ನೊಂದು ಆಸ್ತಿಯಿರುತ್ತದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಗುಲಗಂಜಿ, ಅಂಟುವಾಳ, ಗಣಪೆಕಾಯಿಯ ಬೀಜ, ಹೊಳೆಯಲ್ಲಿ ಸಿಕ್ಕ ಬಣ್ಣದ ಕಲ್ಲು. ಇವನ್ನು ಕೂಡಿಡುವುದು ಅವರ ಹವ್ಯಾಸ. ದೊಡ್ಡವರ ಕಣ್ಣಿಗೆ ಅದು ಕಸ. ಕಪಾಟಿನ ಹಾಗೆಯೇ ಈ ಡಬ್ಬಿಯೂ ಒಂದು ದಿನ ಹಿತ್ತಿಲಿಗೆ ಬರುತ್ತದೆ.

ಈ ಎರಡನ್ನೂ ಉಳಿಸುವ ದಾರಿ ಒಂದೇ ಎಂಬುದು ನಮ್ಮ ಅಭಿಪ್ರಾಯ. ಹಳೆಯ ಕಪಾಟನ್ನು ದುರಸ್ತಿ ಮಾಡಿ, ಊರಿನ ಮರಗಳ ಬೀಜಗಳನ್ನು ಜೋಡಿಸಿ, ಹೆಸರು ಬರೆದು, ಹತ್ತು ಜನ ನೋಡುವಲ್ಲಿ ಇಡುವುದು. ಸಣ್ಣ ಕೆಲಸವೆಂದು ಕಂಡರೂ ಇದರ ಹಿಂದೆ ಯೋಚಿಸಬೇಕಾದ ಸಂಗತಿಗಳು ಹಲವಿವೆ.

ಮೊದಲನೆಯದು ಮರದ ಲೆಕ್ಕ. ನಮ್ಮ ಹಳೆಯ ಕಪಾಟುಗಳು ಹಲಸು, ಹೊನ್ನೆ, ನಂದಿ, ತೇಗ, ಕೆಲವೆಡೆ ಬೀಟೆಯಿಂದಲೂ ಆದವು. ಒಂದು ಹೊನ್ನೆ ಅಥವಾ ಬೀಟೆ ಹಲಗೆ ಕೊಡುವಷ್ಟು ದಪ್ಪವಾಗಲು ಹಲವು ದಶಕಗಳು ಬೇಕು. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವು 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ ಎಂದರೆ ಆ ಮರದ ಸ್ಥಿತಿ ಎಲ್ಲಿಗೆ ಬಂದಿದೆ ಎಂಬುದನ್ನು ಊಹಿಸಬಹುದು. ಕಪಾಟಾಗಿ ನಿಂತಿರುವ ಮರವು ಕಾಡು ಎಂದೋ ತೆತ್ತ ಬೆಲೆ. ಅದನ್ನು ಒಲೆಗೆ ಹಾಕಿ ಹೊಸದನ್ನು ತಂದರೆ ಎಲ್ಲೋ ಇನ್ನೊಂದು ಮರ ಆ ಬೆಲೆಯನ್ನು ಮತ್ತೆ ತೆರಬೇಕಾಗುತ್ತದೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿ ಮೊದಲಾದದ್ದು ಅಲ್ಲಿ. ಆ ದಿನಗಳಲ್ಲಿ ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡುಗಳಿಂದ ಪ್ಲೈವುಡ್ ಕಾರ್ಖಾನೆಗಳಿಗೆ ಮರ ಸಾಗುತ್ತಿತ್ತು. ಇಂದು ಸ್ಥಿತಿ ಬದಲಾಗಿದೆ. ಪ್ಲೈವುಡ್ಡಿಗೆ ಬೇಕಾದ ಮರದ ಬಹುಪಾಲು ನೆಡುತೋಪುಗಳಿಂದಲೂ ಹೊಲದ ಬದುಗಳಿಂದಲೂ ಬರುತ್ತಿದೆ. ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಅದರಲ್ಲಿ ಸೇರಿದೆ. ಆದುದರಿಂದ ಹೊಸ ಕಪಾಟು ಕೊಂಡವರೆಲ್ಲ ಕಾಡು ಕಡಿದವರೆಂದು ದೂರುವುದು ನ್ಯಾಯವಲ್ಲ. ಆದರೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಅಗ್ಗದ ಹಲಗೆಗಳು ನಮ್ಮ ಆಷಾಢದ ತೇವಕ್ಕೆ ಉಬ್ಬಿ, ತಿರುಪು ಹಿಡಿಯದೆ, ಕೆಲವೇ ವರ್ಷಗಳಲ್ಲಿ ಕಸವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಅಜ್ಜನ ಕಾಲದ ಕಪಾಟು ಬಿಜಾಗರಿ ಸಡಿಲವಾದರೂ ಇನ್ನೂ ನಿಂತಿದೆ.

ಎರಡನೆಯದು ಹೆಸರಿನ ಲೆಕ್ಕ. ಕಾನಿನಲ್ಲಿ ಬಿದ್ದ ಕಾಯನ್ನು ನೋಡಿ ಮರದ ಹೆಸರು, ಅದರ ಉಪಯೋಗ, ಅದು ಹಣ್ಣಾಗುವ ತಿಂಗಳು ಇಷ್ಟನ್ನೂ ಹೇಳಬಲ್ಲವರು ಪ್ರತಿ ಊರಿನಲ್ಲಿಯೂ ಇನ್ನು ಕೆಲವರೇ ಉಳಿದಿದ್ದಾರೆ. ಅವರಲ್ಲಿ ಹೆಚ್ಚಿನವರು ವೃದ್ಧರು. ಮರ ಉಳಿದು ಹೆಸರು ಅಳಿದರೆ ಆ ಮರಕ್ಕಾಗಿ ವಾದಿಸುವವರೂ ಇಲ್ಲದಾಗುತ್ತಾರೆ. ಹೆಸರು ಗೊತ್ತಿಲ್ಲದ ಮರ ಯಾವಾಗಲೂ ಬರಿಯ ಕಾಡುಮರವಾಗಿಬಿಡುತ್ತದೆ.

ಬೀಜದ ಸಂಗ್ರಹ ಏಕೆ ಎಂದರೆ ಬೀಜವು ತನ್ನ ಮರದ ಬದುಕನ್ನು ಹೇಳುತ್ತದೆ. ಮತ್ತಿಯ ಕಾಯಿಗೆ ಐದು ರೆಕ್ಕೆಗಳು. ಹೊನ್ನೆಯ ಕಾಯಿ ಸುತ್ತಲೂ ತೆಳುರೆಕ್ಕೆಯಿರುವ ದುಂಡನೆಯ ಬಿಲ್ಲೆ. ಇವೆರಡೂ ಗಾಳಿಯನ್ನು ನಂಬಿದವು. ಬೂರುಗದ ಬೀಜ ಹತ್ತಿಯೊಡನೆ ಹಾರುತ್ತದೆ. ಗಣಪೆಕಾಯಿಯ ಬೀಜ ಹಳ್ಳ, ಹೊಳೆಗಳಲ್ಲಿ ತೇಲಿ ಸಮುದ್ರವನ್ನೂ ಸೇರುತ್ತದೆ. ರಾಮಪತ್ರೆಯ ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ಬರುತ್ತದೆ, ಬೀಜವನ್ನು ದೂರ ಒಯ್ದು ಹಾಕುತ್ತದೆ. ಇವನ್ನು ಗಾಳಿಯವು, ನೀರಿನವು, ಪ್ರಾಣಿ ಪಕ್ಷಿಗಳವು ಎಂದು ಮೂರು ಅಂತಸ್ತುಗಳಲ್ಲಿ ಜೋಡಿಸಿದರೆ ಅದೇ ಒಂದು ಪಾಠವಾಗುತ್ತದೆ. ಮಂಗಟ್ಟೆ ಇಲ್ಲವಾದರೆ ರಾಮಪತ್ರೆಯ ಗತಿಯೇನು ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ.

ಇನ್ನು ಕಪಾಟಿನ ಕೆಲಸ. ಹಳೆಯ ಸಾಮಾನನ್ನು ಆರಿಸುವಾಗ ಮೊದಲು ಕಾಲುಗಳನ್ನೂ ಹಿಂಬದಿಯ ಹಲಗೆಯನ್ನೂ ನೋಡಬೇಕು. ಮರ ಕೊರೆಯುವ ಹುಳುವಿನ ತೂತುಗಳು ಇದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಒರೆಸಿಟ್ಟ ಕೆಲವು ದಿನಗಳಲ್ಲಿ ಮತ್ತೆ ಹೊಸ ಪುಡಿ ಉದುರಿದರೆ ಒಳಗೆ ಹುಳು ಜೀವಂತವಾಗಿದೆ ಎಂದರ್ಥ. ಅಂತಹ ಭಾಗವನ್ನು ಬಡಗಿಯಿಂದ ಕತ್ತರಿಸಿ ತೆಗೆಸಿ ಬೇರೆ ಹಳೆಯ ತುಂಡನ್ನು ಕೂಡಿಸುವುದು ಒಳ್ಳೆಯದು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ವರಲೆಯ ತಡೆಗೆ ಮರಕ್ಕೆ ಬಳಿಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅದು ಚರ್ಮವನ್ನು ಸುಡುವಂಥದಾದ್ದರಿಂದ ದೊಡ್ಡವರೇ ಕೈಗವಸು ಹಾಕಿಕೊಂಡು ಕಾಲುಗಳಿಗೂ ಹೊರಬದಿಗೂ ಮಾತ್ರ ಹಚ್ಚಬೇಕು.

ಬಣ್ಣ ಬಳಿದ ಹಳೆಯ ಸಾಮಾನಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಾಗಿರಬಹುದು, ಮತ್ತು ಸೀಸ ಮಕ್ಕಳ ಮೆದುಳಿಗೆ ಹಾನಿಕರ. ಆದುದರಿಂದ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿ ಹಿಡಿದು ಸುಡಲೂಬಾರದು. ನೀರು ಹಾಕಿ ಒದ್ದೆಯಾಗಿಟ್ಟುಕೊಂಡು ಮರಳುಕಾಗದದಲ್ಲಿ ಉಜ್ಜಿ, ಬಂದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಇದು ಮಕ್ಕಳ ಕೈಯಲ್ಲಿ ಮಾಡಿಸುವ ಕೆಲಸವಲ್ಲ. ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೆದಕದೆ ಮೇಲೆ ಹೊಸ ಬಣ್ಣ ಬಳಿಯುವುದೇ ಲೇಸು.

ಬಾಗಿಲಿನ ಜಾಲರಿಯನ್ನು ತೆಗೆದು ನಾಲ್ಕು ಮಿಲಿಮೀಟರಿನ ಗಾಜನ್ನು ಕೂರಿಸಿ, ಸುತ್ತ ಮರದ ಪಟ್ಟಿ ಹೊಡೆದರೆ ಮುಂಭಾಗ ಸಿದ್ಧ. ಪಕ್ಕದ ಜಾಲರಿಗಳನ್ನು ಹಾಗೆಯೇ ಉಳಿಸಬೇಕು, ಗಾಳಿಯಾಡಲು ಅದು ಬೇಕು. ಕಪಾಟಿನ ಆಳ ಹೆಚ್ಚಿರುವುದರಿಂದ ಸಣ್ಣ ವಸ್ತುಗಳು ಹಿಂದೆ ಮರೆಯಾಗುತ್ತವೆ. ಹಳೆಯ ರೀಪಿನ ತುಂಡುಗಳಿಂದ ಮೆಟ್ಟಿಲಿನಂತೆ ಹಲಗೆ ಮಾಡಿದರೆ ಹಿಂದಿನ ಸಾಲೂ ಕಾಣುತ್ತದೆ. ಗಾಜಿನಿಂದ ತೂಕ ಹೆಚ್ಚುವುದರಿಂದ ಶಾಲೆಯಲ್ಲಿ ಇಡುವುದಾದರೆ ಕಪಾಟನ್ನು ಗೋಡೆಗೆ ತಿರುಪು ಹಾಕಿ ಬಿಗಿಯಬೇಕು. ನೇರ ಬಿಸಿಲು ಬೀಳುವ ಜಾಗ ಬೇಡ, ಬಣ್ಣ ಮಾಸುತ್ತದೆ.

ಹಳೆಯ ಮುದ್ರಣಾಲಯಗಳ ಅಚ್ಚುಮೊಳೆ ಜೋಡಿಸುವ ಪೆಟ್ಟಿಗೆಗಳು ಸಿಕ್ಕರೆ ಇನ್ನೂ ಒಳ್ಳೆಯದು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳಿಗಾಗಿ ಮಾಡಿದ ಅನೇಕ ಸಣ್ಣ ಮನೆಗಳು ಬೀಜಗಳಿಗೆ ಹೇಳಿ ಮಾಡಿಸಿದಂತಿವೆ. ಆದರೆ ಮೊಳೆಗಳ ಲೋಹದಲ್ಲಿ ಸೀಸವಿರುತ್ತಿದ್ದುದರಿಂದ ಮೂಲೆಯ ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆದು, ಚೆನ್ನಾಗಿ ತೊಳೆದು ಒಣಗಿಸಿದ ಮೇಲೆಯೇ ಬಳಸಬೇಕು.

ನಮ್ಮ ಸೀಮೆಯ ಸಂಗ್ರಹಕ್ಕೆ ದೊಡ್ಡ ಶತ್ರು ತೇವ. ಆಗುಂಬೆಯಂತಹ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಾಡಿದು. ಬೀಜಗಳನ್ನು ಬೇಸಿಗೆಯಲ್ಲಿಯೇ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಫ್ರಿಜ್ಜಿನ ಮಂಜುಗಟ್ಟುವ ಖಾನೆಯಲ್ಲಿ ಇಟ್ಟರೆ ಒಳಗಿನ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಚೀಲ ತಣಿವು ಆರುವವರೆಗೆ ಬಿಚ್ಚಬಾರದು. ಆಮೇಲೆ ಔಷಧಿಯದೋ ಉಪ್ಪಿನಕಾಯಿಯದೋ ಹಳೆಯ ಗಾಜಿನ ಶೀಶೆಗಳನ್ನು ತೊಳೆದು ಒಣಗಿಸಿ ಅವುಗಳಲ್ಲಿ ತುಂಬಿ ಮುಚ್ಚಳ ಬಿಗಿಯಬೇಕು. ಹೊಸ ಸಾಮಾನಿನ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಒಂದೊಂದು ಶೀಶೆಗೆ ಒಂದರಂತೆ ಹಾಕಬಹುದು. ಶಂಖ, ಕಪ್ಪೆಚಿಪ್ಪುಗಳನ್ನು ಸಂಗ್ರಹಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಮರದಿಂದ ಹೊಮ್ಮುವ ಆಮ್ಲದ ಆವಿಯು ಮುಚ್ಚಿದ ಕಪಾಟಿನಲ್ಲಿ ಚಿಪ್ಪುಗಳ ಮೇಲೆ ಬಿಳಿಯ ಹಿಟ್ಟಿನಂತಹ ಪದರ ಬೆಳೆಸಿ ಅವನ್ನು ತಿನ್ನುತ್ತದೆ. ಅವು ಕೂಡ ಶೀಶೆಯಲ್ಲಿದ್ದರೆ ಕ್ಷೇಮ.

ಚೀಟಿಯಿಲ್ಲದ ಸಂಗ್ರಹಕ್ಕೆ ಬೆಲೆಯಿಲ್ಲ. ಊರಿನಲ್ಲಿ ಕರೆಯುವ ಹೆಸರು, ಶಾಸ್ತ್ರೀಯ ಹೆಸರು, ಸಿಕ್ಕ ಜಾಗ, ದಿನಾಂಕ, ಆರಿಸಿದವರು, ಮತ್ತು ಹೆಸರು ಹೇಳಿಕೊಟ್ಟ ಹಿರಿಯರು ಯಾರು ಎಂಬುದು, ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆಯಬೇಕು. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. 1976ರಲ್ಲಿ ಸಲ್ಡಾನಾ ಮತ್ತು ನಿಕಲ್ಸನ್ ಹೊರತಂದ ಹಾಸನ ಜಿಲ್ಲೆಯ ಸಸ್ಯಗಳ ಮಹಾಗ್ರಂಥದ ಹಿಂದಿದ್ದುದು ಇಂತಹ ಚೀಟಿಗಳೊಡನೆ ಕಾಪಿಟ್ಟ ಮಾದರಿಗಳೇ. ಒಂದೇ ಮರದ ಬೀಜವನ್ನು ಪ್ರತಿವರ್ಷ ಆರಿಸಿ ದಿನಾಂಕ ಬರೆದಿಟ್ಟರೆ, ಹಣ್ಣಾಗುವ ಕಾಲ ಹಿಂದೆ ಮುಂದೆ ಸರಿಯುತ್ತಿದೆಯೇ ಎಂಬುದಕ್ಕೆ ಹತ್ತಿಪ್ಪತ್ತು ವರ್ಷಗಳಲ್ಲಿ ನಮ್ಮದೇ ಊರಿನ ಸಾಕ್ಷ್ಯ ನಮ್ಮ ಕೈಯಲ್ಲಿರುತ್ತದೆ.

ಸಂಗ್ರಹದ ಹವ್ಯಾಸಕ್ಕೆ ಒಂದು ಅಪಾಯವೂ ಇದೆ. ಕೂಡಿಡುವ ಆಸೆ ಸುಲಭವಾಗಿ ದೋಚುವ ಆಸೆಯಾಗುತ್ತದೆ. ಜಿಂಕೆಯ ಕೊಂಬು, ಚಿಪ್ಪುಹಂದಿಯ ಚಿಪ್ಪು, ಹುಲಿಯ ಉಗುರು, ಹಕ್ಕಿಯ ಮೊಟ್ಟೆ ಇವೆಲ್ಲ ಕಾಡಿನಲ್ಲಿ ತಾವಾಗಿ ಬಿದ್ದು ಸಿಕ್ಕಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯ ಕಪಾಟಿನಲ್ಲಿ ಇಡುವಂತಿಲ್ಲ. 2023ರಲ್ಲಿ ಹುಲಿ ಉಗುರಿನ ಪದಕಗಳ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾದುದು ಎಲ್ಲರಿಗೂ ತಿಳಿದಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನಿಂದ ಬೀಜವನ್ನು ಕೂಡ ಅನುಮತಿಯಿಲ್ಲದೆ ತರಬಾರದು. ಹಿತ್ತಿಲು, ಸೊಪ್ಪಿನಬೆಟ್ಟ, ರಸ್ತೆಯ ಬದಿ ಇವು ಸಾಕಷ್ಟು ಕೊಡುತ್ತವೆ. ಮರದಿಂದ ಕೊಯ್ಯದೆ ಬಿದ್ದದ್ದನ್ನು ಮಾತ್ರ, ಅದರಲ್ಲೂ ಒಂದೆರಡನ್ನು ಮಾತ್ರ ಆರಿಸಬೇಕು. ಗುಲಗಂಜಿಯಂತಹ ವಿಷದ ಬೀಜಗಳಿರುವ ಅಂತಸ್ತಿಗೆ ಬೀಗ ಇರಲಿ. ಅದನ್ನು ಅಗಿದರೆ ಪ್ರಾಣಕ್ಕೇ ಅಪಾಯ.

ಹಾಗೆಯೇ, ಇಡಿಯ ಸಾಮಾನಿನ ಬದಲು ಕೆಡಹಿದ ಮನೆಯ ಬಿಡಿ ತೊಲೆ, ಹಲಗೆಗಳನ್ನು ಕೊಂಡು ಸಾಗಿಸುವವರು ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಮಾರಿದವರಿಂದ ಬರಹದಲ್ಲಿ ರಸೀದಿ ಪಡೆಯುವುದು ಒಳ್ಳೆಯದು. ಹಳೆಯ ಮರದ ಹೆಸರಿನಲ್ಲಿ ಕಳ್ಳಮರ ಸಾಗದಂತೆ ನೋಡಿಕೊಳ್ಳುವುದು ಕೊಳ್ಳುವವರ ಕರ್ತವ್ಯವೂ ಹೌದು.

ಕೊನೆಯದಾಗಿ, ಕಪಾಟಿನಲ್ಲಿಟ್ಟ ಬೀಜದಿಂದ ಕಾಡು ಉಳಿಯಿತೆಂದು ಯಾರೂ ಭಾವಿಸಬಾರದು. ಧೂಪ, ಹಲಸು, ಮಾವು ಮೊದಲಾದ ಮಳೆಕಾಡಿನ ಎಷ್ಟೋ ಮರಗಳ ಬೀಜ ಒಣಗಿದರೆ ಸತ್ತೇಹೋಗುತ್ತದೆ. ಅವುಗಳನ್ನು ಉಳಿಸಬೇಕಾದರೆ ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು. ಆದುದರಿಂದ ಕಪಾಟಿಗೆ ಒಂದು ಬೀಜ ಹೋದರೆ ಅದೇ ಮರದಡಿಯ ಹತ್ತು ಬೀಜಗಳು ಅದೇ ವಾರ ಹಿತ್ತಿಲಿನ ಪಾತಿಗೆ ಹೋಗಲಿ. ಎಷ್ಟು ಮೊಳೆತವು ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಬರೆಯಲಿ.

ವಿದ್ಯಾರ್ಥಿಮಿತ್ರರೇ, ಮುಂದಿನ ಬೇಸಿಗೆಯ ರಜೆಯಲ್ಲಿ ನಿಮ್ಮ ಊರಿನ ಅಟ್ಟ, ಕೊಟ್ಟಿಗೆಗಳನ್ನು ಒಮ್ಮೆ ನೋಡಿರಿ. ಒಂದು ಕಪಾಟು ಸಿಕ್ಕೀತು. ಬಡಗಿಯವರಿಗೆ ಒಂದೆರಡು ದಿನದ ಕೂಲಿ, ಗಾಜಿನ ಬೆಲೆ, ಇಷ್ಟನ್ನು ಊರವರು ಹೊಂದಿಸಿಯಾರು. ಹಿರಿಯರೇ, ಗುಜರಿಯವರ ತಕ್ಕಡಿಗೆ ಅದನ್ನು ಏರಿಸುವ ಮೊದಲು ಊರಿನ ಶಾಲೆಯವರನ್ನು ಒಂದು ಮಾತು ಕೇಳಿರಿ. ಆಮೇಲೆ ಮಕ್ಕಳು ಬೀಜ ಹಿಡಿದು ನಿಮ್ಮ ಜಗಲಿಗೆ ಬಂದಾಗ ಅದರ ಹೆಸರನ್ನು ಹೇಳಿಕೊಡಿರಿ.